ಒಂದು ಗಂಟೆಯ ದಾರಿಯಲ್ಲಿ ಎಷ್ಟು ಕೆಲಸಗಳಿವೆ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಸಭಿಕರು ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಗರ ಅಂದಕೂಡಲೇ ಕಣ್ಣ ಮುಂದೆ ಬರುವುದು ಕಟ್ಟಡಗಳು. ಎತ್ತರದ ಕಟ್ಟಡ ಕಂಡರೆ ಊರು ಮುಂದುವರಿದಿದೆ ಅಂದುಕೊಳ್ಳುತ್ತೇವೆ. ಇವತ್ತು ಸ್ವಲ್ಪ ಹೊತ್ತು ಕಟ್ಟಡಗಳನ್ನು ಬದಿಗಿಟ್ಟು ಬೇರೊಂದು ಪ್ರಶ್ನೆ ಕೇಳೋಣ. ಊರಿನ ಅಂಚಿನಲ್ಲಿ ವಾಸವಿರುವ, ಸ್ವಂತ ವಾಹನ ಇಲ್ಲದ ಒಬ್ಬ ಹೆಣ್ಣುಮಗಳು ಬೆಳಿಗ್ಗೆ ಮನೆಯಿಂದ ಹೊರಡುತ್ತಾಳೆ. ಒಂದು ಗಂಟೆಯೊಳಗೆ ಅವಳು ಎಷ್ಟು ಕೆಲಸದ ಜಾಗಗಳನ್ನು ತಲುಪಬಲ್ಲಳು? ಐದು ಸಾವಿರವೋ, ಐದು ಲಕ್ಷವೋ? ಅವಳ ಸಂಬಳ, ಅವಳ ಮಕ್ಕಳ ಓದು, ಆ ಊರಿನ ಒಟ್ಟು ಸಂಪತ್ತು, ಎಲ್ಲವೂ ಬಹುಮಟ್ಟಿಗೆ ಈ ಸಂಖ್ಯೆಯ ಮೇಲೆ ನಿಂತಿವೆ. ಈ ಸಂಖ್ಯೆಯನ್ನು ತೀರ್ಮಾನಿಸುವುದು ನಗರದ ರಚನೆ. ಅಂದರೆ ರಸ್ತೆಗಳು ಎಲ್ಲಿ ಹಾದುಹೋಗುತ್ತವೆ, ಮನೆಗಳು ಎಲ್ಲಿವೆ, ಕೆಲಸ ಎಲ್ಲಿದೆ, ಇವುಗಳ ನಡುವೆ ಏನು ಓಡಾಡುತ್ತದೆ ಎಂಬುದು. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಜನ ನಗರಕ್ಕೆ ಯಾಕೆ ಬರುತ್ತಾರೆ? 19ನೇ ಶತಮಾನದ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ ಜನರ ಸರಾಸರಿ ಆಯುಷ್ಯ ಹಳ್ಳಿಯವರಿಗಿಂತ ಕಡಿಮೆ ಇತ್ತು. ನೀರು ಕೆಟ್ಟಿತ್ತು, ಗಾಳಿ ಕೆಟ್ಟಿತ್ತು, ಕಾಲರಾ ಬರುತ್ತಿತ್ತು. ಆದರೂ ಬಂದರು. ಆ ಶತಮಾನದ ಶುರುವಿನಲ್ಲಿ ಪ್ರಪಂಚದ ನೂರು ಜನರಲ್ಲಿ ನಗರದಲ್ಲಿದ್ದವರು ಹತ್ತಕ್ಕಿಂತ ಕಡಿಮೆ. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2007ರ ಹೊತ್ತಿಗೆ ಅರ್ಧ ದಾಟಿತು. ಇಷ್ಟೊಂದು ಜನ ಸುಮ್ನೆ ಗುಳೆ ಹೊರಡುವುದಿಲ್ಲ. ಅವರಿಗೆ ಅಲ್ಲಿ ಏನೋ ಸಿಗುತ್ತದೆ.

ಏನು ಸಿಗುತ್ತದೆ ಎನ್ನುವುದನ್ನು ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲೇ ವಿವರಿಸಿದ್ದರು. ಒಂದೇ ಕಸುಬಿನವರು ಒಂದೆಡೆ ಸೇರಿದರೆ ಕೆಲಸಗಾರನಿಗೆ ಮಾಲೀಕರು ಹಲವರು, ಮಾಲೀಕನಿಗೆ ಕೆಲಸಗಾರರು ಹಲವರು. ಬಿಡಿಭಾಗ ಮಾಡುವವರು, ರಿಪೇರಿಯವರು, ಸಾಗಣೆಯವರು ಹತ್ತಿರದಲ್ಲೇ ಬಂದು ಕೂರುತ್ತಾರೆ. ಕಸುಬಿನ ಗುಟ್ಟುಗಳು ಯಾರೂ ಹೇಳಿಕೊಡದೆಯೇ ಒಬ್ಬರಿಂದ ಒಬ್ಬರಿಗೆ ಹರಡುತ್ತವೆ. ನಂತರ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು ಇದಕ್ಕೆ ಅಂಕಿ ಕೊಟ್ಟಿವೆ. ನಗರದ ಗಾತ್ರ ಎರಡರಷ್ಟಾದರೆ ಅಲ್ಲಿನ ಒಬ್ಬೊಬ್ಬರ ಉತ್ಪಾದಕತೆ ಸುಮಾರು 3ರಿಂದ 8 ಶೇಕಡಾ ಹೆಚ್ಚುತ್ತದೆ. ಕೇಳಲು ಸಣ್ಣ ಸಂಖ್ಯೆ. ಆದರೆ 50 ಸಾವಿರದ ಪಟ್ಟಣ 50 ಲಕ್ಷದ ನಗರವಾಗುವಾಗ ಈ ಎರಡರಷ್ಟಾಗುವುದು ಆರೇಳು ಸಲ ನಡೆದಿರುತ್ತದೆ. ಪ್ರತಿ ಸಲವೂ ಹಿಂದಿನದರ ಮೇಲೆ ಸೇರುತ್ತಾ ಹೋಗುತ್ತದೆ.

ಇಲ್ಲೊಂದು ಷರತ್ತಿದೆ. ಅದನ್ನು ನಾವು ಮರೆಯುತ್ತೇವೆ. ನಗರ ದೊಡ್ಡದಾದರೆ ಸಾಲದು, ಅಲ್ಲಿನವರು ಒಬ್ಬರನ್ನೊಬ್ಬರು ತಲುಪುವಂತಿರಬೇಕು. 40 ಲಕ್ಷ ಜನರಿರುವ ಊರು ಅಂದುಕೊಳ್ಳಿ. ಅದರ ಒಂದು ಮೂಲೆಯಿಂದ ಇನ್ನೊಂದಕ್ಕೆ ಮೂರು ಗಂಟೆ ಬೇಕು. ಉತ್ತರದಲ್ಲಿರುವ ವೆಲ್ಡರ್‌ಗೆ ದಕ್ಷಿಣದಲ್ಲಿ ಒಳ್ಳೆಯ ಸಂಬಳದ ಕೆಲಸ ಇದೆ, ಆದರೆ ಹೋಗಿಬರಲು ಆಗುವುದಿಲ್ಲ. ದಕ್ಷಿಣದ ಕಾರ್ಖಾನೆಗೆ ವೆಲ್ಡರ್ ಬೇಕು, ಸಿಗುವುದಿಲ್ಲ. ಹಾಗಿದ್ದರೆ ಅದು 40 ಲಕ್ಷದ ಒಂದು ನಗರವಲ್ಲ. ಒಂದಕ್ಕೊಂದು ಅಂಟಿಕೊಂಡಿರುವ 5 ಲಕ್ಷದ ಎಂಟು ಪಟ್ಟಣಗಳು. ದೊಡ್ಡ ನಗರದ ಬಾಡಿಗೆ, ಹೊಗೆ, ಗಲಾಟೆ ಎಲ್ಲವನ್ನೂ ಅನುಭವಿಸಬೇಕು, ಸಂಪಾದನೆ ಮಾತ್ರ ಸಣ್ಣ ಪಟ್ಟಣದ್ದು. ಇದಕ್ಕಿಂತ ಅನ್ಯಾಯದ ವ್ಯವಹಾರ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಈಗ ಜಾಗದ ಬೆಲೆಗೆ ಬರೋಣ. ಹೆಚ್ಚು ಜನರಿಗೆ ಸುಲಭವಾಗಿ ತಲುಪಲಾಗುವ ಜಾಗಕ್ಕೆ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಇದ್ದಲ್ಲಿ ಕಟ್ಟುವವರು ಜಾಗವನ್ನು ಉಳಿಸಿ ಎತ್ತರ ಬಳಸುತ್ತಾರೆ. ಮಧ್ಯದಿಂದ ದೂರ ಹೋದಂತೆ ಬೆಲೆಯೂ ಮಹಡಿಗಳೂ ಇಳಿಯುತ್ತವೆ. ಯಾರೂ ಆದೇಶ ಹೊರಡಿಸದೆಯೇ ಹೆಚ್ಚು ಜನ ಕೆಲಸಕ್ಕೆ ಹತ್ತಿರವಾಗುತ್ತಾರೆ. ಈ ಬೆಲೆಯೇ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಸೋವಿಯತ್ ಕಾಲದ ಮಾಸ್ಕೋ ಸಾಕ್ಷಿ. ಅಲ್ಲಿ ದಶಕಗಳ ಕಾಲ ಭೂಮಿಗೆ ಮಾರುಕಟ್ಟೆ ಬೆಲೆ ಇರಲಿಲ್ಲ. ಹಳೆಯ ಕಾರ್ಖಾನೆಗೆ ನಗರದ ನಡುವಿನ ಜಾಗ ಬಿಟ್ಟುಕೊಡಲು ಕಾರಣವೇ ಇರಲಿಲ್ಲ, ಹಾಗಾಗಿ ಅಲ್ಲೇ ಉಳಿದವು. ಹೊಸ ಮನೆಗಳನ್ನು ಖಾಲಿ ಜಾಗ ಸಿಕ್ಕಿದ ಅಂಚಿನಲ್ಲಿ ಕಟ್ಟುತ್ತಾ ಹೋದರು. ಕೊನೆಗೆ ಮಧ್ಯದಲ್ಲಿ ಜನ ಕಡಿಮೆ, ಹೊರಗೆ ಹೋದಂತೆ ಜಾಸ್ತಿ ಎನ್ನುವ ತಲೆಕೆಳಗಾದ ನಗರವಾಯಿತು.

ಬ್ರೆಸಿಲಿಯಾದ ಕಥೆ ಬೇರೆ ದಾರಿಯಲ್ಲಿ ಹೋಗಿ ಅಲ್ಲಿಗೇ ಬಂದು ನಿಲ್ಲುತ್ತದೆ. ಬ್ರೆಜಿಲ್ ತನ್ನ ಹೊಸ ರಾಜಧಾನಿಯನ್ನು 1960ರಲ್ಲಿ ಉದ್ಘಾಟಿಸಿತು. ಲೂಸಿಯೊ ಕೋಸ್ಟಾ ನಕ್ಷೆ ಮಾಡಿದರು. ಮೇಲಿನಿಂದ ನೋಡಿದರೆ ರೆಕ್ಕೆ ಬಿಚ್ಚಿದ ಆಕಾರ, ಅಗಲವಾದ ರಸ್ತೆಗಳು, ಹಸಿರು. ಆದರೆ ಅದನ್ನು ಕಟ್ಟಿದ ಕೂಲಿಗಳಿಗೆ ಆ ನಕ್ಷೆಯಲ್ಲಿ ಮನೆ ಇರಲಿಲ್ಲ. ಉದ್ಘಾಟನೆಗೂ ಮೊದಲೇ, 1958ರಲ್ಲೇ, ಅವರಿಗಾಗಿ ಸುಮಾರು 20 ಕಿಲೋಮೀಟರ್ ದೂರದಲ್ಲಿ ಟಾಗ್ವಾಟಿಂಗಾ ಎಂಬ ಪಟ್ಟಣ ಹುಟ್ಟಿತು. 1971ರಲ್ಲಿ ಗುಡಿಸಲುಗಳನ್ನು ಎಬ್ಬಿಸಿ ಸಾವಿರಾರು ಕುಟುಂಬಗಳನ್ನು ಸೆಯ್ಲಾಂಡಿಯಾಗೆ ಕಳಿಸಿದರು. ಕೆಲಸಗಳು ಮಾತ್ರ ಮಧ್ಯದಲ್ಲೇ ಉಳಿದವು.

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಅಲ್ಲಿ ಎರಡು ತದ್ವಿರುದ್ಧ ಉದ್ದೇಶಗಳು ಒಂದೇ ಆಕಾರದ ನಗರವನ್ನು ಕೊಟ್ಟವು. ಮೊದಲನೆಯದು ದ್ವೇಷ. ವರ್ಣಭೇದದ ಸರ್ಕಾರ 1950ರ ಕಾಯ್ದೆಯೊಂದರಿಂದ ಯಾವ ಬಣ್ಣದವರು ಎಲ್ಲಿ ವಾಸಿಸಬೇಕು ಅಂತ ಗೆರೆ ಎಳೆಯಿತು. ಕಪ್ಪು ಜನರನ್ನು ಸೊವೆಟೊದಂಥ ದೂರದ ಬಡಾವಣೆಗಳಿಗೆ ದೂಡಿತು. ಅವರ ದುಡಿಮೆ ಬೇಕು, ನೆರೆಹೊರೆ ಬೇಡ. 1994ರಲ್ಲಿ ಆ ಆಳ್ವಿಕೆ ಕೊನೆಯಾಯಿತು. ಹೊಸ ಸರ್ಕಾರ ಬಡವರಿಗೆ ಉಚಿತವಾಗಿ ಮನೆ ಕಟ್ಟಿಕೊಡಲು ಹೊರಟಿತು. ದೇಶದಾದ್ಯಂತ ಲಕ್ಷಗಟ್ಟಲೆ ಮನೆಗಳು ಎದ್ದವು. ಈ ಸಲ ಉದ್ದೇಶದಲ್ಲಿ ಪ್ರೀತಿಯಿತ್ತು. ಆದರೆ ಇದ್ದ ಹಣದಲ್ಲಿ ಹೆಚ್ಚು ಮನೆ ಕಟ್ಟಬೇಕಿತ್ತು, ಹಾಗಾಗಿ ಜಾಗ ಅಗ್ಗವಿದ್ದ ಕಡೆ ಕಟ್ಟಿದರು. ಅಗ್ಗದ ಜಾಗ ಇದ್ದದ್ದು ಊರಾಚೆ. ಮನೆ ಸಿಕ್ಕಿತು, ಕೆಲಸ ಇನ್ನೂ ದೂರವೇ ಉಳಿಯಿತು. ಇವತ್ತಿಗೂ ಅಲ್ಲಿನ ಬಡ ಕುಟುಂಬಗಳು ದುಡಿಮೆಯ ದೊಡ್ಡ ಪಾಲನ್ನು ಮಿನಿಬಸ್ಸಿನ ಚಾರ್ಜಿಗೆ ಸುರಿಯುತ್ತವೆ. ಬಡವರಿಗೆ ಮನೆ ಎಂದಾಗ ಗೋಡೆ, ಚಾವಣಿ, ಶೌಚಾಲಯ ಎಣಿಸುತ್ತೇವೆ. ಅಲ್ಲಿಂದ ಕೆಲಸಕ್ಕೆ ಎಷ್ಟು ಹೊತ್ತು ಅಂತ ಯಾರೂ ಆ ಕಾಗದದಲ್ಲಿ ಬರೆಯುವುದಿಲ್ಲ. ಬರೆಯಲೇಬೇಕಾದ ಮೊದಲ ಅಂಕಣ ಅದು.

ಇದರ ಪಕ್ಕದಲ್ಲಿ ಶೆನ್ಜೆನ್ ಇಟ್ಟು ನೋಡಿ. ಚೀನಾ 1980ರಲ್ಲಿ ಅದನ್ನು ವಿಶೇಷ ಆರ್ಥಿಕ ವಲಯ ಮಾಡಿತು. ಸರ್ಕಾರ ಸುತ್ತಲಿನ ಹೊಲಗಳನ್ನು ತೆಗೆದುಕೊಂಡಿತು, ಹಳ್ಳಿಯವರ ಮನೆ ಇದ್ದ ನಿವೇಶನಗಳನ್ನು ಬಿಟ್ಟಿತು. ಹೊಲ ಕಳೆದುಕೊಂಡ ರೈತರು ಆ ನಿವೇಶನಗಳಲ್ಲೇ ಆರೇಳು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟರು. ಕಟ್ಟಡಗಳು ಎಷ್ಟು ಹತ್ತಿರ ಅಂದರೆ, ಈ ಕಿಟಕಿಯಿಂದ ಆ ಕಿಟಕಿಗೆ ಕೈ ಕುಲುಕಬಹುದು. ಜನ ಅವುಗಳನ್ನು ‘ಕೈ ಕುಲುಕುವ ಕಟ್ಟಡಗಳು’ ಅಂತಲೇ ಕರೆಯುತ್ತಾರೆ. ಬೆಳಕು ಕಡಿಮೆ, ಗಾಳಿ ಕಡಿಮೆ, ಯಾವ ಯೋಜನಾ ಅಧಿಕಾರಿಯೂ ಒಪ್ಪುವ ಕಟ್ಟಡಗಳಲ್ಲ. ಆದರೆ ದೂರದ ಪ್ರಾಂತ್ಯಗಳಿಂದ ಬಂದ ಹುಡುಗ ಹುಡುಗಿಯರಿಗೆ ಕಾರ್ಖಾನೆಯ ಹತ್ತಿರ, ಸಣ್ಣ ಬಾಡಿಗೆಗೆ ಒಂದು ಕೋಣೆ ಸಿಕ್ಕಿತು. ಆ ನಗರದ ಬೆಳವಣಿಗೆಯಲ್ಲಿ ಆ ಕೋಣೆಗಳ ಪಾಲು ಬಹಳ ದೊಡ್ಡದು. ಅಂಥ ಕೇರಿಗಳನ್ನು ಕೆಡವುವಾಗ ಅಲ್ಲಿದ್ದವರು ಎಲ್ಲಿಗೆ ಹೋಗುತ್ತಾರೆ, ಅಲ್ಲಿಂದ ಕೆಲಸಕ್ಕೆ ಎಷ್ಟು ದೂರ ಎಂಬ ಲೆಕ್ಕ ಮೊದಲು ಆಗಬೇಕು.

ಕಟ್ಟಡ ನಿಯಮಗಳ ಬಗ್ಗೆ ಒಂದೆರಡು ಮಾತು ಸಾಕು. ಇಂತಿಷ್ಟು ಮಹಡಿ ಮಾತ್ರ, ನಿವೇಶನ ಕನಿಷ್ಠ ಇಷ್ಟಿರಲೇಬೇಕು, ಪ್ರತಿ ಮನೆಗೂ ಪಾರ್ಕಿಂಗ್ ಬೇಕು ಎನ್ನುವ ಪ್ರತಿ ನಿಯಮವೂ ಯಾರನ್ನೋ ಕೆಲಸದಿಂದ ದೂರ ಕಳಿಸುತ್ತದೆ. ಬೆಂಕಿ, ಭೂಕಂಪ, ಚರಂಡಿಗೆ ಸಂಬಂಧಿಸಿದ ನಿಯಮಗಳು ಬೇಕೇ ಬೇಕು. ಉಳಿದವನ್ನು ಆಗಾಗ ತೆಗೆದು ನೋಡಬೇಕು. ಅಮೆರಿಕದ ಹ್ಯೂಸ್ಟನ್ 1998ರಲ್ಲಿ ನಗರದ ಒಳಭಾಗದಲ್ಲಿ ಕನಿಷ್ಠ ನಿವೇಶನದ ಅಳತೆಯನ್ನು 5,000 ಚದರ ಅಡಿಯಿಂದ 1,400ಕ್ಕೆ ಇಳಿಸಿತು. ಒಂದು ಮನೆ ಇದ್ದ ಕಡೆ ಮೂರು ಮನೆಗಳು ಎದ್ದವು. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ತನ್ನ ವಸತಿ ಪ್ರದೇಶದ ಸುಮಾರು ಮುಕ್ಕಾಲು ಭಾಗದಲ್ಲಿ ಹೆಚ್ಚು ಮನೆ ಕಟ್ಟಲು ಬಿಟ್ಟಿತು. ಅದಾದ ಮೇಲೆ ಕಟ್ಟಡ ಪರವಾನಗಿಗಳು ಎದ್ದು ಕಾಣುವಷ್ಟು ಹೆಚ್ಚಿದವು.

ನನ್ನ ಮಾತಿನ ಮುಖ್ಯ ಭಾಗ ಇನ್ನು ಮುಂದಿದೆ. ಅದು ರಸ್ತೆ.

ಕಟ್ಟಡ ಹೋಗುತ್ತದೆ, ಮಾಲೀಕರು ಬದಲಾಗುತ್ತಾರೆ, ಕಸುಬು ಬದಲಾಗುತ್ತದೆ. ಒಮ್ಮೆ ಬಿದ್ದ ರಸ್ತೆ ಅಲ್ಲೇ ಇರುತ್ತದೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಜಾಗ ನೋಡಿ. 1800ರ ಸುಮಾರಿಗೆ ಅದು ಹೊಲ. ಆಮೇಲೆ ಶ್ರೀಮಂತರ ಬಂಗಲೆಗಳು ಬಂದವು. 1890ರ ದಶಕದಲ್ಲಿ ದೊಡ್ಡ ಹೋಟೆಲ್ ಆಯಿತು. 1931ರಲ್ಲಿ ಈಗಿನ ಗಗನಚುಂಬಿ. ಪಕ್ಕದ 34ನೇ ಬೀದಿ ಮಾತ್ರ 1811ರ ಕಾಗದದಲ್ಲಿ ಎಲ್ಲಿತ್ತೋ ಅಲ್ಲೇ ಇದೆ, ಅಷ್ಟೇ ಅಗಲವಾಗಿದೆ.

ಆ 1811ರ ಕಾಗದದ ಬಗ್ಗೆ ಹೇಳುತ್ತೇನೆ. ಆಗ ನ್ಯೂಯಾರ್ಕಿನ ಜನಸಂಖ್ಯೆ ಸುಮಾರು 96 ಸಾವಿರ. ಬಹುಪಾಲು ಜನ ಮ್ಯಾನ್‌ಹಟನ್ ದ್ವೀಪದ ದಕ್ಷಿಣದ ತುದಿಯಲ್ಲಿ ಇದ್ದರು. ಉಳಿದದ್ದು ಹೊಲ, ಗುಡ್ಡ, ಜೌಗು. ಮೂವರು ಆಯುಕ್ತರು ಕುಳಿತು ಆ ಹೊಲ ಗುಡ್ಡಗಳ ಮೇಲೆ 12 ಉದ್ದ ರಸ್ತೆಗಳನ್ನೂ 155 ಅಡ್ಡ ಬೀದಿಗಳನ್ನೂ ಎಳೆದರು. ಉದ್ದ ರಸ್ತೆಗೆ 100 ಅಡಿ ಅಗಲ. ಅಡ್ಡ ಬೀದಿಗೆ 60 ಅಡಿ, ಕೆಲವು ಮುಖ್ಯವಾದವಕ್ಕೆ 100 ಅಡಿ. ಅಳತೆ ಮಾಡಲು ಹೋದ ಜಾನ್ ರಾಂಡೆಲ್ ಎಂಬ ತರುಣನ ಮೇಲೆ ಜಮೀನಿನವರು ಅತಿಕ್ರಮ ಪ್ರವೇಶದ ದಾವೆ ಹೂಡಿದರು. ಅವನನ್ನು ಬಂಧಿಸಿದ್ದೂ ಉಂಟು. 96 ಸಾವಿರ ಜನರ ಊರಿಗೆ ಇಷ್ಟೊಂದು ರಸ್ತೆ ಯಾಕೆ ಅಂತ ಅನ್ನಿಸುವುದು ಸಹಜವೇ, ಅಲ್ವಾ? 1900ರ ಹೊತ್ತಿಗೆ ಮ್ಯಾನ್‌ಹಟನ್ ಒಂದರಲ್ಲೇ 18 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಆಗ ಮೊದಲ ಸಲ ರಸ್ತೆಗೆ ಜಾಗ ಹುಡುಕಿದ್ದರೆ ಅಷ್ಟು ಜನರ ಮನೆ ಕೆಡವಬೇಕಿತ್ತು. ಮೊದಲೇ ಗೆರೆ ಇದ್ದದ್ದರಿಂದ ಅದೇ ರಸ್ತೆಗಳ ಮೇಲೆ ಕುದುರೆ ಗಾಡಿ ಓಡಿತು, ಟ್ರಾಮ್ ಓಡಿತು, ಕೆಳಗೆ ನೀರಿನ ಕೊಳವೆ ಮತ್ತು ಸುರಂಗ ರೈಲು ಹೋಯಿತು. ಆ ನಕ್ಷೆಯಲ್ಲಿ ಕೊರತೆಗಳೂ ಇದ್ದವು. ಉದ್ಯಾನಕ್ಕೆ ಸಾಕಷ್ಟು ಜಾಗ ಬಿಟ್ಟಿರಲಿಲ್ಲ. 1850ರ ದಶಕದಲ್ಲಿ ಸೆಂಟ್ರಲ್ ಪಾರ್ಕ್ ಮಾಡಲು ಹೊರಟಾಗ ಜಾಗ ಕೊಳ್ಳಬೇಕಾಯಿತು. ಸೆನೆಕಾ ವಿಲೇಜ್ ಎಂಬ, ಹೆಚ್ಚಾಗಿ ಕಪ್ಪು ಜನರಿದ್ದ ನೆಲೆಯನ್ನೇ ಎಬ್ಬಿಸಿದರು. ಮೊದಲು ಬಿಡದ ಜಾಗದ ಬೆಲೆಯನ್ನು ಆಮೇಲೆ ತೆತ್ತವರು ದುರ್ಬಲರು.

ಬಾರ್ಸಿಲೋನಾದಲ್ಲಿ ಇಲ್ಡೆಫಾನ್ಸ್ ಸೆರ್ಡಾ ಎಂಬ ಎಂಜಿನಿಯರ್ ಇನ್ನೂ ಮುಂದೆ ಯೋಚಿಸಿದರು. ಕೋಟೆ ಗೋಡೆಯೊಳಗೆ ಜನ ಉಸಿರುಕಟ್ಟುವಂತೆ ತುಂಬಿದ್ದರು. 1854ರಲ್ಲಿ ಗೋಡೆ ಒಡೆಯಲು ಶುರುವಾಯಿತು. ಸೆರ್ಡಾ ಮೊದಲು ಕೂಲಿಕಾರರ ಮನೆ, ಆದಾಯ, ಖರ್ಚು, ಸಾವಿನ ಲೆಕ್ಕ ತೆಗೆದರು. ಆಮೇಲೆ ನಕ್ಷೆ ಹಾಕಿದರು. 1859ರಲ್ಲಿ ಒಪ್ಪಿಗೆ ಸಿಕ್ಕಿತು. 113 ಮೀಟರಿನ ಚೌಕಗಳು, ಸಾಮಾನ್ಯ ಬೀದಿಗೂ 20 ಮೀಟರ್ ಅಗಲ, ತಿರುವಿನಲ್ಲಿ ಗಾಡಿ ಸಲೀಸಾಗಿ ಹೊರಳಲಿ ಅಂತ ಕತ್ತರಿಸಿದ ಮೂಲೆಗಳು. ಚೌಕದ ಎರಡೇ ಬದಿಯಲ್ಲಿ ಕಟ್ಟಿ ಒಳಗೆ ತೋಟ ಬಿಡಬೇಕು ಅನ್ನುವುದು ಅವರ ಆಸೆ. ಮಾಲೀಕರು ಕೇಳಲಿಲ್ಲ, ನಾಲ್ಕೂ ಬದಿಯಲ್ಲಿ ಕಟ್ಟಿದರು, ತೋಟ ಹೋಯಿತು. ಮನೆಯ ವಿಷಯದಲ್ಲಿ ಅವರ ಯೋಜನೆ ಸೋತಿತು. ಬೀದಿ ಉಳಿಯಿತು. ಆ ಬೀದಿಗಳ ಮೇಲೇ ಆ ನಗರ ಇವತ್ತು ಬದುಕುತ್ತಿದೆ.

ನಗರದ ನೆಲದಲ್ಲಿ ಕನಿಷ್ಠ 30 ಶೇಕಡಾ ಬೀದಿಗೆ ಇರಬೇಕು ಅಂತ ವಿಶ್ವಸಂಸ್ಥೆಯ ವಸತಿ ವಿಭಾಗ ಹೇಳುತ್ತದೆ. ಮ್ಯಾನ್‌ಹಟನ್ನಿನಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಇದೆ. ಯೋಜನೆ ಇಲ್ಲದೆ ಬೆಳೆದ ಬಡಾವಣೆಗಳಲ್ಲಿ ಅದರ ಅರ್ಧವೂ ಸಿಗದು. ಅಲ್ಲಿ ಬಸ್ಸು ಹೋಗುವುದಿಲ್ಲ, ಅಗ್ನಿಶಾಮಕ ಗಾಡಿ ಹೋಗುವುದಿಲ್ಲ, ಒಳಚರಂಡಿ ಹಾಕಲು ಜಾಗ ಇಲ್ಲ. ಮನೆ ಕಟ್ಟಲು ಸಂಪಾದನೆಯೆಲ್ಲ ಸುರಿದವರನ್ನು ಮೂವತ್ತು ವರ್ಷದ ನಂತರ ರಸ್ತೆ ಅಗಲ ಮಾಡಬೇಕು ಅಂತ ಎಬ್ಬಿಸುತ್ತಾರೆ.

ಹೊಲಗಳ ಮೇಲೆ ರಸ್ತೆ ಎಳೆದರೆ ರೈತನಿಗೆ ನಷ್ಟವಲ್ಲವೇ ಎಂದು ಕೇಳಬಹುದು. ಇದಕ್ಕೆ ಜಪಾನ್, ಕೊರಿಯಾ, ತೈವಾನ್ ಒಂದು ದಾರಿ ಬಳಸಿವೆ. ಒಂದು ಪ್ರದೇಶದ ಎಲ್ಲ ಜಮೀನನ್ನೂ ಒಟ್ಟುಗೂಡಿಸುತ್ತಾರೆ. ರಸ್ತೆ, ಶಾಲೆ, ಉದ್ಯಾನಕ್ಕೆ ಜಾಗ ತೆಗೆದು ಉಳಿದದ್ದನ್ನು ಅದೇ ಮಾಲೀಕರಿಗೆ ಅವರವರ ಪಾಲಿನಂತೆ ನೇರವಾದ ನಿವೇಶನಗಳಾಗಿ ವಾಪಸ್ ಕೊಡುತ್ತಾರೆ. ಅಳತೆ ಕಡಿಮೆಯಾಗುತ್ತದೆ, ರಸ್ತೆ ಬಂದದ್ದರಿಂದ ಬೆಲೆ ಹೆಚ್ಚುತ್ತದೆ. ಯಾರನ್ನೂ ಊರು ಬಿಡಿಸುವುದಿಲ್ಲ. 1923ರ ಭೂಕಂಪದಲ್ಲಿ ಸುಟ್ಟುಹೋದ ಟೋಕಿಯೋವನ್ನು ಹೀಗೆಯೇ ಮತ್ತೆ ಕಟ್ಟಿದರು. ಅಹಮದಾಬಾದಿನ ವರ್ತುಲ ರಸ್ತೆಗೂ ಇದೇ ವಿಧಾನದಲ್ಲಿ ಜಾಗ ಸಿಕ್ಕಿತು. ಅದರ ಬೇರು ಹಿಂದಿನ ಬಾಂಬೆ ಪ್ರಾಂತ್ಯದ 1915ರ ಕಾಯ್ದೆಯಲ್ಲಿದೆ.

ಸಾರಿಗೆಗೆ ಹಣ ಎಲ್ಲಿಂದ ಎಂಬುದಕ್ಕೂ ನೆಲದಲ್ಲೇ ಉತ್ತರವಿದೆ. ಕೊಬಾಯಾಶಿ ಇಚಿಜೊ ಎಂಬವರು 1910ರಲ್ಲಿ ಒಸಾಕಾದಿಂದ ಹೊಲಗಳ ನಡುವೆ ರೈಲು ಓಡಿಸಿದರು. ಪ್ರಯಾಣಿಕರೇ ಇಲ್ಲದ ದಾರಿ. ಅವರು ದಾರಿಯುದ್ದಕ್ಕೂ ಮೊದಲೇ ಜಾಗ ಕೊಂಡಿದ್ದರು. ಅಲ್ಲಿ ಮನೆ ಕಟ್ಟಿ ನೌಕರರಿಗೆ ಕಂತಿನ ಮೇಲೆ ಮಾರಿದರು. ಒಂದು ತುದಿಯ ಟಕರಾಜುಕಾದಲ್ಲಿ ನಾಟಕ ಶಾಲೆ ಮಾಡಿದರು. ಇನ್ನೊಂದು ತುದಿಯ ಒಸಾಕಾ ನಿಲ್ದಾಣದಲ್ಲಿ 1929ರಲ್ಲಿ ದೊಡ್ಡ ಅಂಗಡಿ ಮಳಿಗೆ ತೆರೆದರು. ರೈಲು ಬಂದದ್ದರಿಂದ ಏರಿದ ನೆಲದ ಬೆಲೆ ರೈಲಿಗೇ ವಾಪಸ್ ಬಂತು. ಹಾಂಗ್‌ಕಾಂಗಿನ ಮೆಟ್ರೋ ಸಂಸ್ಥೆ ನಿಲ್ದಾಣಗಳ ಮೇಲೆ ಮನೆ ಕಟ್ಟಿಸಿ ಇದನ್ನೇ ಮಾಡುತ್ತದೆ. ಬೇರೆ ಎಷ್ಟೋ ಕಡೆ ಜನರ ದುಡ್ಡಿನಲ್ಲಿ ಮೆಟ್ರೋ ಬರುತ್ತದೆ, ಏರಿದ ಬೆಲೆ ನಿಲ್ದಾಣದ ಪಕ್ಕದ ಜಮೀನ್ದಾರರ ಜೇಬಿಗೆ ಹೋಗುತ್ತದೆ. ಈ ಸೋರಿಕೆ ನಿಲ್ಲದೆ ಟಿಕೆಟ್ ದರ ಇಳಿಯದು.

ಇನ್ನು ಸಿಂಗಾಪುರ 1975ರಿಂದ, ಲಂಡನ್ 2003ರಿಂದ, ಸ್ಟಾಕ್‌ಹೋಮ್ 2006ರಿಂದ ನಗರದ ಮಧ್ಯಕ್ಕೆ ಬರುವ ವಾಹನಗಳಿಗೆ ಶುಲ್ಕ ಹಾಕುತ್ತಿವೆ. ಸ್ಟಾಕ್‌ಹೋಮಿನಲ್ಲಿ ಈ ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು 20 ಶೇಕಡಾ ಇಳಿದವು. ಬಸ್ಸಿನಲ್ಲಿರುವ 50 ಜನ ಒಂದು ಕಾರಿನ ಹಿಂದೆ ಕಾಯುವುದು ತಪ್ಪುತ್ತದೆ. ನಾನು ಇದರ ಪರ. ಆದರೆ ಮೊದಲು ಬಸ್ಸು ಬರಬೇಕು, ಆಮೇಲೆ ಶುಲ್ಕ.

ಕೊಲಂಬಿಯಾದ ಮೆಡೆಲಿನ್ ನಗರದ ಬಡವರು ಕಡಿದಾದ ಬೆಟ್ಟದ ಮೇಲೆ ಮನೆ ಕಟ್ಟಿಕೊಂಡಿದ್ದರು. ಅಲ್ಲಿಗೆ ರೈಲು ಹತ್ತುವುದಿಲ್ಲ. 2004ರಲ್ಲಿ ಮೆಟ್ರೋ ನಿಲ್ದಾಣದಿಂದ ಬೆಟ್ಟಕ್ಕೆ ತಂತಿಯ ಮೇಲೆ ತೂಗುವ ತೊಟ್ಟಿಲು ಗಾಡಿಗಳನ್ನು ಹಾಕಿದರು. ಪ್ರವಾಸಿಗರಿಗೆ ತೋರಿಸಲು ಮಾಡಿದ್ದಲ್ಲ, ದಿನಾ ಕೆಲಸಕ್ಕೆ ಹೋಗುವವರಿಗೆ. ನನ್ನ ಮೊದಲ ಪ್ರಶ್ನೆಯ ಆ ಹೆಣ್ಣುಮಗಳು ಅಲ್ಲಿದ್ದಿದ್ದರೆ ಅವಳ ಸಂಖ್ಯೆ ಒಂದೇ ದಿನದಲ್ಲಿ ಜಿಗಿದಿರುತ್ತಿತ್ತು.

ರಸ್ತೆ, ನೆಲ, ರೈಲು ಎಲ್ಲ ಇದ್ದೂ ನಗರ ಕುಸಿಯಬಹುದು. ಅಮೆರಿಕದ ಡೆಟ್ರಾಯ್ಟ್ ನಗರದ ಜನಸಂಖ್ಯೆ 1950ರಲ್ಲಿ 18.5 ಲಕ್ಷ. 2010ರಲ್ಲಿ ಸುಮಾರು 7.1 ಲಕ್ಷ. 2013ರಲ್ಲಿ ನಗರಸಭೆ ದಿವಾಳಿ ಅರ್ಜಿ ಹಾಕಿತು. ಕಾರಣಗಳು ಹಲವು, ಜನಾಂಗ ದ್ವೇಷವೂ ಅದರಲ್ಲಿ ಸೇರಿದೆ. ಆದರೆ ಒಂದು ಕಾರಣ ನಮ್ಮ ವಿಷಯಕ್ಕೆ ಹತ್ತಿರದ್ದು. 20ನೇ ಶತಮಾನದ ಶುರುವಿನಲ್ಲಿ ಅಲ್ಲಿ ದೋಣಿಯ ಎಂಜಿನ್, ಗಾಡಿ, ಲೋಹದ ಕೆಲಸದ ಸಣ್ಣ ಸಣ್ಣ ವರ್ಕ್‌ಶಾಪುಗಳು ತುಂಬಿದ್ದವು. ಅಲ್ಲಿನ ಕಾರು ಉದ್ಯಮ ಹುಟ್ಟಿದ್ದು ಅವುಗಳ ನಡುವೆ. ಆಮೇಲೆ ಕಾರು ಕಂಪನಿಗಳು ಎಲ್ಲವನ್ನೂ ತಮ್ಮ ಕಾಂಪೌಂಡಿನೊಳಗೇ ಮಾಡುವ ದೈತ್ಯ ಕಾರ್ಖಾನೆಗಳಾದವು. ಸಣ್ಣವರು ಕರಗಿದರು. ಕಾರಿನ ಕಾಲ ಇಳಿದಾಗ ಮುಂದಿನದನ್ನು ಹುಟ್ಟಿಸಲು ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಹಾಗಾಗಿ ಹಳೆಯ, ಅಗ್ಗದ ಬಾಡಿಗೆಯ ಕಟ್ಟಡಗಳೆಂದರೆ ನನಗೆ ಗೌರವ. ಹೊಸ ಕಸುಬು ಶುರು ಮಾಡುವವರಿಗೆ ಗಾಜಿನ ಗೋಪುರದ ಬಾಡಿಗೆ ಕೊಡಲು ಆಗುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಈಗ ಮನೆಯಿಂದಲೇ ಕೆಲಸ ಮಾಡಬಹುದಲ್ಲ, ಇನ್ನು ದೂರದ ಲೆಕ್ಕ ಯಾಕೆ?

ಕಂಪ್ಯೂಟರ್ ಮುಂದೆ ಕೂರುವ ಕೆಲಸಕ್ಕೆ ಇದು ಸ್ವಲ್ಪ ಮಟ್ಟಿಗೆ ನಿಜ. ವಾರಕ್ಕೆ ಎರಡು ದಿನ ಹೋದರೆ ಸಾಕು ಎನ್ನುವವರು ದೂರ ಹೋಗಬಹುದು. ಆದರೆ ನರ್ಸ್, ಡ್ರೈವರ್, ಎಲೆಕ್ಟ್ರಿಷಿಯನ್, ಅಂಗಡಿಯವರು, ಗುಡಿಸುವವರು ಮನೆಯಿಂದ ಕೆಲಸ ಮಾಡಲಾರರು. ನಗರದಲ್ಲಿ ಅವರ ಸಂಖ್ಯೆಯೇ ಜಾಸ್ತಿ. ಹೊಸದಾಗಿ ಕೆಲಸಕ್ಕೆ ಸೇರಿದವರು ಹಿರಿಯರ ಪಕ್ಕದಲ್ಲಿ ಕೂತು ಕಲಿಯುವುದೂ ಪರದೆಯ ಮೇಲೆ ಪೂರ್ತಿ ಆಗುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ದೊಡ್ಡ ನಗರಗಳ ಮಾತಾಯಿತು, ಸಣ್ಣ ಊರಿನವರು ಏನು ಮಾಡಬೇಕು?

ನಿಜವಾದ ಅವಕಾಶ ಇರುವುದೇ ಅವರಿಗೆ. 1811ರ ನ್ಯೂಯಾರ್ಕ್ ಸಣ್ಣ ಊರೇ ಆಗಿತ್ತು. ಇಥಿಯೋಪಿಯಾದ ಹವಾಸ್ಸಾ, ಅಡಮಾ, ಬಾಹಿರ್ ದಾರ್, ಮೆಕೆಲೆ ಎಂಬ ನಾಲ್ಕು ನಗರಗಳು 2010ರ ದಶಕದಲ್ಲಿ ಈ ಕೆಲಸ ಕೈಗೆತ್ತಿಕೊಂಡವು. ಅವು ಶ್ರೀಮಂತ ನಗರಗಳಲ್ಲ. ಮುಂದಿನ ಮೂವತ್ತು ವರ್ಷ ಊರು ಎಲ್ಲಿಯವರೆಗೆ ಬೆಳೆಯಬಹುದು ಅಂತ ಅಂದಾಜು ಮಾಡಿ, ಆ ಪ್ರದೇಶದಲ್ಲಿ ಸುಮಾರು ಒಂದೊಂದು ಕಿಲೋಮೀಟರಿಗೆ ಒಂದರಂತೆ ಮುಖ್ಯ ರಸ್ತೆಗಳನ್ನು ಗುರುತಿಸಿದವು. ಈಗಲೇ ಡಾಂಬರು ಬೇಕಿಲ್ಲ, ದೀಪ ಬೇಕಿಲ್ಲ. 30 ಮೀಟರ್ ಅಗಲದ ಪಟ್ಟಿಯಲ್ಲಿ ಯಾರೂ ಮನೆ ಕಟ್ಟದಂತೆ ನೋಡಿಕೊಂಡರೆ ಸಾಕು. ಬಸ್ಸು ಆಮೇಲೆ ಬರುತ್ತದೆ, ಕೊಳವೆ ಆಮೇಲೆ ಬರುತ್ತದೆ. ನಿಮ್ಮ ಪುರಸಭೆಗೆ ಹೋದಾಗ ಎರಡು ವಿಷಯ ಕೇಳಿ. ಇನ್ನೂ ಮನೆ ಏಳದ ಕಡೆ ರಸ್ತೆ ಎಲ್ಲಿ ಬರುತ್ತದೆ ಎಂಬ ನಕ್ಷೆ ಇದೆಯೇ? ಇದ್ದರೆ, ಆ ಗೆರೆಯ ಕಲ್ಲನ್ನು ನೆಲದ ಮೇಲೆ ನೆಟ್ಟಿದ್ದೀರಾ?